ಕ್ಯೂರಿಂಗ್ ವರ್ಕ್ಸ್‌ನಿಂದ ಊರಾಚೆ ಹೋಗುತ್ತಿದ್ದ ಹೆಸರುಗಳು

ಫೈರ್‌ವಾಲ್ (ಕಚೇರಿಯ ನೆಟ್‌ವರ್ಕ್‌ಗೂ ಇಂಟರ್ನೆಟ್‌ಗೂ ನಡುವಿನ ಕಾವಲು ಯಂತ್ರ) ಬರೆದಿಡುವ ಲಾಗ್‌ನಲ್ಲಿ 192.175.48.1 ಅನ್ನುವ ಐಪಿ ವಿಳಾಸ ಪದೇ ಪದೇ ಕಾಣಿಸುತ್ತಿದೆಯಾ? ಗಾಬರಿ ಆಗಬೇಡಿ. ಪೊಲೀಸ್ ದೂರು ಕೊಡುವುದಕ್ಕೂ ಹೋಗಬೇಡಿ. ಮೊದಲು ನಿಮ್ಮ ಕಚೇರಿಯಿಂದ ಅದರ ಕಡೆಗೆ ಏನು ಹೋಗುತ್ತಿದೆ ಅಂತ ನೋಡಿ. ಕುಶಾಲನಗರದ ಹತ್ತಿರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಬೆಳೆಗಾರರ ಕಾಫಿಯನ್ನು ಸುಲಿದು ವಿಂಗಡಿಸುವ ಕಾರ್ಖಾನೆ) ನಾನು ಮಾಡಿದ್ದು ಇದೇ ಕೆಲಸ. ಗೋಣಿಕೊಪ್ಪದಲ್ಲಿದ್ದುಕೊಂಡು ಎಸ್ಟೇಟ್ ಆಫೀಸು, ಹೋಂಸ್ಟೇ, ಸಣ್ಣಪುಟ್ಟ ಕಚೇರಿಗಳ ನೆಟ್‌ವರ್ಕ್ ನೋಡಿಕೊಳ್ಳುವವನು ನಾನು. ಕೊಡಗಿನಲ್ಲಿ ಇನ್ನೂ ಎಷ್ಟೋ ಕಡೆ ಈ ತೊಂದರೆ ಯಾರ ಕಣ್ಣಿಗೂ ಬೀಳದೆ ನಡೆಯುತ್ತಿರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಕಾಫಿ ಸೀಸನ್ ಜೋರಾಗಿದ್ದ ಹೊತ್ತು ಅದು. ಗೇಟಿನ ಹೊರಗೆ ಚೆರ್ರಿ, ಪಾರ್ಚ್‌ಮೆಂಟ್ ಚೀಲ ಹೇರಿಕೊಂಡ ಲಾರಿ, ಪಿಕಪ್‌ಗಳ ಸಾಲು. ವೇಬ್ರಿಜ್‌ನಲ್ಲಿ ತೂಕ ಆಗಬೇಕು, ಸ್ಯಾಂಪಲ್ ತೆಗೆದು ಔಟ್‌ಟರ್ನ್ (ಸುಲಿದ ಮೇಲೆ ಎಷ್ಟು ಬೀಜ ಸಿಗುತ್ತದೆ ಅಂತ) ನೋಡಬೇಕು, ಬೆಳೆಗಾರರ ಹೆಸರಿಗೆ ರಶೀದಿ ಹೊರಡಬೇಕು. ಎಲ್ಲವೂ ಕಂಪ್ಯೂಟರ್ ಮೇಲೆಯೇ ನಿಂತಿದೆ. ಹೊಸ ಫೈರ್‌ವಾಲ್ ಹಾಕಿ ಸ್ವಲ್ಪ ಕಾಲವಾಗಿತ್ತು ಅಷ್ಟೇ. ಮ್ಯಾನೇಜರ್ ಫೋನ್ ಮಾಡಿದರು.

“ಮಾರಾಯ, ಹೊರಗಿನವರು ಯಾರೋ ನಮ್ಮ ಮೇಲೆ ಬಿದ್ದಿದ್ದಾರೆ. ಲಾಗ್ ತುಂಬಾ ಒಂದೇ ಹೆಸರು. ಪ್ರಿಸನರ್ ಡಾಟ್ ಐಯಾನಾ ಡಾಟ್ ಆರ್ಗ್ ಅಂತೆ. ಇಂಟರ್ನೆಟ್ ವೈರ್ ಕಿತ್ತುಬಿಡ್ಲಾ?”

“ಬೇಡ ಸರ್, ಏನೂ ಮುಟ್ಟಬೇಡಿ. ನಾನು ಬರ್ತೇನೆ.”

ಅವರ ಭಯ ನನಗೆ ಅರ್ಥವಾಗುತ್ತದೆ. ಆ ಸರ್ವರ್‌ನಲ್ಲಿ ಇರುವುದು ಬೆಳೆಗಾರರ ಇಡೀ ವರ್ಷದ ಲೆಕ್ಕ. ಅದಕ್ಕೆ ಏನಾದರೂ ಆದರೆ ಯಾರಿಗೆ ಎಷ್ಟು ಕೊಡಬೇಕು ಅಂತಲೇ ಗೊತ್ತಾಗುವುದಿಲ್ಲ.

ಲಾಗ್ ತೆರೆದು ನೋಡಿದೆ. ಆ ಹೆಸರಿನ ಐಪಿಯೇ 192.175.48.1. ಹೊರಗಿನಿಂದ ಬರುತ್ತಿದ್ದ ಪ್ಯಾಕೆಟ್‌ಗಳೆಲ್ಲ, ಅಂದರೆ ಮಾಹಿತಿಯ ಸಣ್ಣ ತುಂಡುಗಳೆಲ್ಲ, ಯುಡಿಪಿ (ಮೊದಲು ಸಂಪರ್ಕ ಕಟ್ಟಿಕೊಳ್ಳದೆ ನೇರ ಕಳಿಸುವ ಕ್ರಮ). ಎಲ್ಲವೂ ಹೊರಟಿದ್ದು ಆ ಕಡೆಯ 53ನೇ ಪೋರ್ಟ್‌ನಿಂದ (ಪೋರ್ಟ್ ಅಂದರೆ ಒಂದೊಂದು ಸೇವೆಗೆ ಇರುವ ನಂಬರಿನ ಬಾಗಿಲು). 53 ಅಂದರೆ ಡಿಎನ್‌ಎಸ್, ಹೆಸರಿಗೂ ಐಪಿ ವಿಳಾಸಕ್ಕೂ ಗಂಟು ಹಾಕುವ ವ್ಯವಸ್ಥೆ. ಬಾಗಿಲು ತಡಕಾಡುವವರು ನಮ್ಮ ಪೋರ್ಟ್‌ಗಳನ್ನು ಒಂದೊಂದಾಗಿ ತಟ್ಟುತ್ತಾರೆ, 53ರಿಂದ ಉತ್ತರದ ಆಕಾರದ ಪ್ಯಾಕೆಟ್ ಕಳಿಸುತ್ತಾ ಕೂರುವುದು ಕಮ್ಮಿ. ಇದು ಯಾವುದೋ ಪ್ರಶ್ನೆಗೆ ಬಂದ ಉತ್ತರದ ಹಾಗೆ ಇತ್ತು. ಉತ್ತರ ತಡವಾಗಿ ಬಂದರೆ ಅಷ್ಟರಲ್ಲಿ ಫೈರ್‌ವಾಲ್ ತನ್ನ ಕಡೆಯ ಲೆಕ್ಕ ಮುಚ್ಚಿರುತ್ತದೆ. ಆಗ ಕೇಳದೇ ಬಂದ ಪ್ಯಾಕೆಟ್ ಅಂತ ಕೆಂಪು ಗುರುತು ಹಾಕುತ್ತದೆ.

ಹಾಗಾದರೆ ಪ್ರಶ್ನೆ ಕೇಳಿದ್ದು ಯಾರು? ಸ್ವಿಚ್‌ನಲ್ಲಿ ಪೋರ್ಟ್ ಮಿರರಿಂಗ್ (ಹಾದುಹೋಗುವ ಪ್ಯಾಕೆಟ್‌ಗಳ ನಕಲು ಕೊಡುವ ಸೌಲಭ್ಯ) ಆನ್ ಮಾಡಿ, ನನ್ನ ಲ್ಯಾಪ್‌ಟಾಪ್ ಚುಚ್ಚಿ, ಪ್ಯಾಕೆಟ್ ಬಿಚ್ಚಿ ತೋರಿಸುವ ವೈರ್‌ಶಾರ್ಕ್ ಓಡಿಸಿದೆ. ಡಿಎನ್‌ಎಸ್‌ನಲ್ಲಿ ಮಾಮೂಲು ಪ್ರಶ್ನೆಯ ಆಪ್‌ಕೋಡ್ (ಯಾವ ಕೆಲಸ ಅಂತ ಹೇಳುವ ಸಂಖ್ಯೆ) 0. ‘ನಿನ್ನ ದಾಖಲೆ ಬದಲಾಯಿಸು’ ಅಂತ ಹೇಳುವ ಅಪ್‌ಡೇಟ್‌ನ ಆಪ್‌ಕೋಡ್ 5. ಬರೀ 5 ಇರುವುದನ್ನು ತೋರಿಸು ಅಂತ ಫಿಲ್ಟರ್ ಹಾಕಿದೆ. ಟೀ ಬರುವಷ್ಟರಲ್ಲಿ ಪರದೆ ತುಂಬಿತು.

ಒಂದು ಪ್ಯಾಕೆಟ್ ಬಿಚ್ಚಿ ಮ್ಯಾನೇಜರ್‌ಗೆ ತೋರಿಸಿದೆ. ಹೊರಟಿದ್ದು 192.168.10.47ರಿಂದ, ಅಂದರೆ ಅವರದೇ ಒಂದು ಕಂಪ್ಯೂಟರ್‌ನಿಂದ. ಹೋಗುತ್ತಿದ್ದದ್ದು 192.175.48.1ಕ್ಕೆ. ಒಳಗೆ ಮೊದಲ ಭಾಗದಲ್ಲಿ ಝೋನ್‌ನ (ಒಂದು ಡಿಎನ್‌ಎಸ್ ಸರ್ವರ್ ನೋಡಿಕೊಳ್ಳುವ ಹೆಸರುಗಳ ಗುಂಪು) ಹೆಸರು: 168.192.ಇನ್-ಆಡ್ರ್.ಆರ್ಪಾ. ಇಲ್ಲಿ ವಿಳಾಸವನ್ನು ತಿರುವುಮುರುವಾಗಿ ಬರೆಯುತ್ತಾರೆ. ಅದರ ಕೆಳಗೆ ಎರಡು ಸಾಲು. 47.10.168.192ಕ್ಕೆ ಈಗಾಗಲೇ ಇರುವ ಹೆಸರನ್ನು ತೆಗೆದುಹಾಕು ಅಂತ ಒಂದು. ಅದರ ಜಾಗಕ್ಕೆ ಈ ಹೆಸರು ಸೇರಿಸು, 1200 ಸೆಕೆಂಡು ಇಟ್ಟುಕೋ ಅಂತ ಇನ್ನೊಂದು. ಆ ಹೆಸರು ‘ವೇಬ್ರಿಜ್’, ಅದರ ಬಾಲಕ್ಕೆ ಕಂಪನಿಯ ಹೆಸರು. ಮುಂದಿನ ಪ್ಯಾಕೆಟ್‌ನಲ್ಲಿ ‘ಗ್ರೇಡಿಂಗ್’. ಅದರ ಮುಂದೆ ‘ಅಕೌಂಟ್ಸ್’. ಇನ್ನೊಂದರಲ್ಲಿ ಅಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳ ಪೂರ್ತಿ ಹೆಸರು. ಅವರ ಕಂಪ್ಯೂಟರ್‌ಗೆ ಯಾರೋ ಹಾಗೆ ಹೆಸರಿಟ್ಟಿದ್ದರು.

ಮ್ಯಾನೇಜರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇದೆಲ್ಲ ಹೊರಗೆ ಹೋಗ್ತಾ ಇದೆಯಾ? ಓದೋಕೆ ಬರೋ ಹಾಗೆ?” ಅಂತ ಕೇಳಿದರು.

ಹೌದು, ಓದೋಕೆ ಬರುವ ಹಾಗೇ ಹೋಗುತ್ತಿತ್ತು. ಮಾಮೂಲು ಡಿಎನ್‌ಎಸ್ ಪ್ಯಾಕೆಟ್‌ಗೆ ಬೀಗ ಇಲ್ಲ. ದಾರಿಯಲ್ಲಿ ಕೂತು ನೋಡುವವರಿಗೆ ಈ ಕಚೇರಿಯಲ್ಲಿ ಯಾವ ಕಂಪ್ಯೂಟರ್ ಇದೆ, ಯಾವ ಕೆಲಸಕ್ಕೆ ಇದೆ, ಅದರ ಒಳಗಿನ ವಿಳಾಸ ಏನು, ಯಾರು ಕೂರುತ್ತಾರೆ, ಎಲ್ಲವೂ ಸಿಗುತ್ತದೆ. ಯಾರೂ ಕದಿಯಬೇಕಾಗಿಲ್ಲ, ನಾವೇ ಕಳಿಸುತ್ತಿದ್ದೇವೆ. ನನಗೆ ಬೇಸರ ಆಗುವುದು ಇಲ್ಲೇ. ಆ ಹೆಣ್ಣುಮಗಳಿಗೆ ಇದು ಗೊತ್ತೂ ಇರಲಿಲ್ಲ, ಯಾರೂ ಅವರನ್ನು ಕೇಳಿಯೂ ಇರಲಿಲ್ಲ.

ಈಗ ಇದು ಯಾಕೆ ಹೀಗಾಗುತ್ತದೆ ಅಂತ ನೋಡೋಣ. ಹೆಸರು ಕೊಟ್ಟರೆ ಐಪಿ ಹೇಳುವುದು ಡಿಎನ್‌ಎಸ್‌ನ ಒಂದು ಕೆಲಸ. ಐಪಿ ಕೊಟ್ಟರೆ ಹೆಸರು ಹೇಳುವುದು ಇನ್ನೊಂದು, ಅದನ್ನು ರಿವರ್ಸ್ ಅನ್ನುತ್ತಾರೆ. ಮೊದಲೆಲ್ಲ ಈ ದಾಖಲೆಗಳನ್ನು ಕೈಯಲ್ಲೇ ಬರೆಯಬೇಕಿತ್ತು. ಕಂಪ್ಯೂಟರ್ ತಾನೇ ತನ್ನ ದಾಖಲೆ ಬರೆಸಿಕೊಳ್ಳುವ ಕ್ರಮ 1997ರಲ್ಲಿ ಬಂತು, ಆರ್‌ಎಫ್‌ಸಿ 2136 ಅಂತ (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್‌ನ ಕ್ರಮಗಳನ್ನು ಬರೆದಿಡುವ ದಾಖಲೆ). ವಿಂಡೋಸ್ 2000 ಬಂದಾಗಿನಿಂದ ವಿಂಡೋಸ್ ಇದನ್ನು ಯಾರೂ ಹೇಳದೆಯೇ ಮಾಡುತ್ತದೆ. ಕಂಪ್ಯೂಟರ್ ಆನ್ ಆದಾಗ, ಐಪಿ ಬದಲಾದಾಗ, ಮತ್ತೆ ಸುಮ್ನೆ ಇದ್ದರೂ ದಿನಕ್ಕೊಂದು ಸಲ. ತನ್ನದೇ ಡಿಎನ್‌ಎಸ್ ಸರ್ವರ್ ಇರುವ ದೊಡ್ಡ ಕಚೇರಿಗೆ ಇದು ತುಂಬಾ ಉಪಯೋಗದ ಸಂಗತಿ.

ದಾಖಲೆ ಬರೆಸಬೇಕಾದರೆ ಯಾರ ಹತ್ತಿರ ಹೋಗಬೇಕು? ಕಂಪ್ಯೂಟರ್ ಮೊದಲು ಅದನ್ನೇ ವಿಚಾರಿಸುತ್ತದೆ: ‘192.168 ಸಾಲಿನ ರಿವರ್ಸ್ ಝೋನ್‌ಗೆ ಯಜಮಾನ ಯಾರು?’ ಕಚೇರಿಯ ಡಿಎನ್‌ಎಸ್ ಸರ್ವರ್ ‘ನಾನೇ’ ಅಂದರೆ ಕಥೆ ಅಲ್ಲಿಗೆ ಮುಗಿಯಿತು. ಅದು ತನಗೆ ಗೊತ್ತಿಲ್ಲ ಅಂತ ಪ್ರಶ್ನೆಯನ್ನು ಹೊರಗೆ ದಾಟಿಸಿದರೆ, ಹೊರಗಿನ ಇಂಟರ್ನೆಟ್ ಕೊಡುವ ಉತ್ತರ ಪ್ರಿಸನರ್ ಡಾಟ್ ಐಯಾನಾ ಡಾಟ್ ಆರ್ಗ್. ಪಾಪ, ಕಂಪ್ಯೂಟರ್ ಅದನ್ನೇ ನಂಬುತ್ತದೆ. ‘ನನ್ನ ಹೆಸರು ವೇಬ್ರಿಜ್, ಬರೆದುಕೋ’ ಅಂತ ಅಲ್ಲಿಗೆ ಕಳಿಸುತ್ತದೆ. ಮನೆಯೊಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಬರೆದ ಚೀಟಿಯನ್ನು ಅಂಚೆ ಡಬ್ಬಿಗೆ ಹಾಕಿದ ಹಾಗೆ. ಅಲ್ಲಿಂದ ‘ಆಗುವುದಿಲ್ಲ’ ಅಂತ ಉತ್ತರ ಬರುತ್ತದೆ. ಆ ‘ಆಗುವುದಿಲ್ಲ’ವೇ ನಮ್ಮ ಫೈರ್‌ವಾಲ್‌ಗೆ ದಾಳಿಯಾಗಿ ಕಂಡದ್ದು. ಯುಡಿಪಿಯಲ್ಲಿ ಆಗದಿದ್ದರೆ ವಿಂಡೋಸ್ ಮೊದಲು ಸಂಪರ್ಕ ಕಟ್ಟಿಕೊಳ್ಳುವ ಟಿಸಿಪಿಯಲ್ಲಿ, ಭದ್ರತೆಯ ಕೀಲಿ ಸಮೇತ ಮತ್ತೆ ಪ್ರಯತ್ನಿಸುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೂ ಒಂದು ಸಲ.

192.168 ಯಾರೊಬ್ಬರದ್ದೂ ಅಲ್ಲ. 1996ರ ಆರ್‌ಎಫ್‌ಸಿ 1918 ಮೂರು ಸಾಲುಗಳನ್ನು ಖಾಸಗಿ ನೆಟ್‌ವರ್ಕ್‌ಗೆ ಅಂತ ಬಿಟ್ಟುಕೊಟ್ಟಿದೆ: 10ರಿಂದ ಶುರುವಾಗುವುದು, 172.16ರಿಂದ 172.31ರವರೆಗಿನದ್ದು, ಮತ್ತೆ 192.168. ಸೋಮವಾರಪೇಟೆಯ ಅಂಗಡಿಯಲ್ಲೂ 192.168.1.5 ಇದೆ, ಲಂಡನ್ನಿನ ಮನೆಯಲ್ಲೂ ಇದೆ. ಅದರ ಹೆಸರೇನು ಅಂತ ಹೊರಗಿನವರು ಹೇಗೆ ಹೇಳಿಯಾರು? ಆದರೂ ಜಗತ್ತಿನ ಎಲ್ಲ ಕಡೆಯಿಂದ ಈ ಪ್ರಶ್ನೆ, ಈ ಅಪ್‌ಡೇಟ್ ಬರುತ್ತಲೇ ಇರುತ್ತವೆ. ಇದರ ಭಾರ ಡಿಎನ್‌ಎಸ್‌ನ ಬೇರಾದ ರೂಟ್ ಸರ್ವರ್‌ಗಳ ಮೇಲೆ ಬೀಳಬಾರದು ಅಂತ ಬೇರೆಯೇ ಸರ್ವರ್‌ಗಳನ್ನು ಇಟ್ಟರು. ಪ್ರಶ್ನೆಗೆ ಉತ್ತರಿಸಲು ಬ್ಲ್ಯಾಕ್‌ಹೋಲ್-1, ಬ್ಲ್ಯಾಕ್‌ಹೋಲ್-2. ಅಪ್‌ಡೇಟ್‌ಗಳು ಬಂದು ಬೀಳಲು ಪ್ರಿಸನರ್. ಒಂದೇ ವಿಳಾಸವನ್ನು ಜಗತ್ತಿನ ಬೇರೆ ಬೇರೆ ಕಡೆಯಿಂದ ಸಾರುತ್ತಾರೆ. ನಮ್ಮ ಪ್ಯಾಕೆಟ್ ಹತ್ತಿರದಲ್ಲಿರುವುದಕ್ಕೆ ಹೋಗುತ್ತದೆ. ಇವುಗಳ ಗುಂಪಿಗೆ ಎಎಸ್112 ಅಂತ ಹೆಸರು.

ಇವನ್ನು ನಡೆಸುವವರು ಸ್ವಯಂಸೇವಕರು. ಯಾರಿಂದಲೂ ದುಡ್ಡು ತೆಗೆದುಕೊಳ್ಳದೆ, ತಮ್ಮ ಯಂತ್ರ, ತಮ್ಮ ಬ್ಯಾಂಡ್‌ವಿಡ್ತ್ ಹಾಕಿ, ನಮ್ಮ ವೇಬ್ರಿಜ್ ಕಂಪ್ಯೂಟರ್ ಕಳಿಸಿದ ಬೇಡದ ಪ್ಯಾಕೆಟ್‌ಗೆ ತಾಳ್ಮೆಯಿಂದ ಉತ್ತರ ಕೊಡುತ್ತಾರೆ. ಅದಕ್ಕೆ ಪ್ರತಿಯಾಗಿ ಅವರಿಗೆ ಸಿಗುವುದು ‘ನಮ್ಮ ಮೇಲೆ ದಾಳಿ ಮಾಡುತ್ತಿದ್ದೀರಿ’ ಅನ್ನುವ ದೂರು. ಈ ದೂರುಗಳಿಗೆ ಉತ್ತರವಾಗಿಯೇ 2011ರಲ್ಲಿ ಆರ್‌ಎಫ್‌ಸಿ 6305 ಬರೆದರು. ಅದರ ತಲೆಬರಹವೇ ‘ಪ್ರಿಸನರ್ ಡಾಟ್ ಐಯಾನಾ ಡಾಟ್ ಆರ್ಗ್ ನನ್ನ ಮೇಲೆ ದಾಳಿ ಮಾಡುತ್ತಿದೆ!’ ಅಂತ. ಅದನ್ನು ತೆರೆದು ತೋರಿಸಿದ ಮೇಲೆ ಮ್ಯಾನೇಜರ್ ಮುಖದಲ್ಲಿ ಸ್ವಲ್ಪ ಸಮಾಧಾನ ಕಂಡಿತು. ಪ್ರಿಸನರ್‌ನ ಐಪಿ ಬ್ಲಾಕ್ ಮಾಡಿದರೆ ಲಾಗ್ ಶಾಂತವಾಗುತ್ತದೆ ನಿಜ. ಆದರೆ ಕಂಪ್ಯೂಟರ್‌ಗಳು ಕಳಿಸುವುದನ್ನು ನಿಲ್ಲಿಸುವುದಿಲ್ಲ, ಉತ್ತರಕ್ಕೆ ಕಾಯುತ್ತಾ ಕೂರುತ್ತವೆ. ಮೂಲದಲ್ಲೇ ಸರಿ ಮಾಡಬೇಕು.

ಅವರಲ್ಲಿ ವಿಂಡೋಸ್ ಸರ್ವರ್ ಇತ್ತು, ಕಚೇರಿಯ ಕಂಪ್ಯೂಟರ್‌ಗಳನ್ನೆಲ್ಲ ಡೊಮೈನ್ ಅನ್ನುವ ಒಂದೇ ಗುಂಪಾಗಿ ನಡೆಸುವ ಆ್ಯಕ್ಟಿವ್ ಡೈರೆಕ್ಟರಿ ಇತ್ತು. ಹೆಸರಿನಿಂದ ಐಪಿ ಹೇಳುವ ಫಾರ್ವರ್ಡ್ ಝೋನ್ ಸರಿಯಾಗಿತ್ತು. ರಿವರ್ಸ್ ಲುಕಪ್ ಝೋನ್ ಅನ್ನುವ ಫೋಲ್ಡರ್ ತೆರೆದರೆ ಖಾಲಿ. ಸರ್ವರ್ ಹಾಕುವಾಗ ಫಾರ್ವರ್ಡ್ ಝೋನ್ ತನ್ನಷ್ಟಕ್ಕೆ ಆಗುತ್ತದೆ, ರಿವರ್ಸ್ ಝೋನ್ ಮಾತ್ರ ನಾವೇ ಮಾಡಬೇಕು. ಅದಿಲ್ಲದಿದ್ದರೂ ಲಾಗಿನ್ ಆಗುತ್ತದೆ, ಪ್ರಿಂಟರ್ ಓಡುತ್ತದೆ, ರಶೀದಿ ಬರುತ್ತದೆ. ಹಾಗಾಗಿ ಇಲ್ಲ ಅನ್ನುವುದೇ ಗೊತ್ತಾಗುವುದಿಲ್ಲ.

ಆಫೀಸಿಗೆ 192.168.10, ಗೋಡೌನ್‌ಗೆ 192.168.20 ಅಂತ ಎರಡು ಭಾಗ ಇತ್ತು. ಒಂದೊಂದಕ್ಕೆ ಬೇರೆ ಬೇರೆ ಝೋನ್ ಮಾಡಬಹುದಿತ್ತು. ನಾನು 168.192 ಪೂರ್ತಿಗೆ ಒಂದೇ ಝೋನ್ ಮಾಡಿದೆ. ನಾಳೆ ಡ್ರೈಯಿಂಗ್ ಯಾರ್ಡ್ ಕಡೆಗೆ 192.168.30 ಬಂದರೂ ಅದು ಈ ಝೋನ್ ಒಳಗೇ ಬೀಳುತ್ತದೆ, ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಅಪ್‌ಡೇಟ್ ಯಾರಿಂದ ತೆಗೆದುಕೊಳ್ಳಬೇಕು ಅಂತ ಕೇಳುವ ಕಡೆ ‘ಸೆಕ್ಯೂರ್ ಓನ್ಲಿ’ ಆರಿಸಿದೆ. ಡೊಮೈನ್‌ಗೆ ಸೇರಿದ ಕಂಪ್ಯೂಟರ್ ಮಾತ್ರ ಬರೆಸಿಕೊಳ್ಳಬಹುದು. ಸಿಸಿಟಿವಿ ಡಬ್ಬ, ಯಾರದೋ ಫೋನ್ ಬಂದು ಹೆಸರು ಬರೆಸಿದರೆ ಸರ್ವರ್ ಬೇಡ ಅನ್ನುತ್ತದೆ. ಹಾಗೆ ಬೇಡ ಅನ್ನಿಸಿಕೊಂಡರೂ ಅದು ಕಾಂಪೌಂಡ್ ಒಳಗೇ ಆಗುತ್ತದೆ, ಅದೇ ನಮಗೆ ಬೇಕಾದದ್ದು.

ಆಮೇಲೆ ಒಂದು ಕಂಪ್ಯೂಟರ್‌ನಲ್ಲಿ ಕೂತು ಕಮಾಂಡ್ ಕೊಟ್ಟು ಹೆಸರನ್ನು ಮತ್ತೆ ಬರೆಸಿದೆ. ಪ್ಯಾಕೆಟ್ ನೇರ ಒಳಗಿನ ಸರ್ವರ್‌ಗೆ ಹೋಯಿತು. ಝೋನ್‌ನಲ್ಲಿ ‘ಗ್ರೇಡಿಂಗ್’ ಅಂತ ಹೊಸ ಸಾಲು ಬಂತು. ಸಂತೋಷ ಆಯಿತು. ಆದರೆ ವೈರ್‌ಶಾರ್ಕ್‌ನಲ್ಲಿ ಅಕೌಂಟ್ಸ್ ವಿಭಾಗದ ಒಂದೆರಡು ಕಂಪ್ಯೂಟರ್‌ಗಳು ಇನ್ನೂ ಹೊರಗೇ ಕಳಿಸುತ್ತಿದ್ದವು. ಅವುಗಳ ಡಿಎನ್‌ಎಸ್ ಸೆಟ್ಟಿಂಗ್ ನೋಡಿದರೆ ಮೊದಲನೆಯದು ಒಳಗಿನ ಸರ್ವರ್, ಎರಡನೆಯದು ಇಂಟರ್ನೆಟ್ ಕೊಡುವವರದ್ದು. ‘ಸರ್ವರ್ ಆಫ್ ಆದರೂ ನೆಟ್ ಬರಲಿ’ ಅಂತ ಯಾರೋ ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು. ಆದರೆ ಸರ್ವರ್ ಒಂದು ಸಲ ರೀಸ್ಟಾರ್ಟ್ ಆದರೂ ಸಾಕು, ಕಂಪ್ಯೂಟರ್ ಎರಡನೆಯದಕ್ಕೆ ಹಾರುತ್ತದೆ. ಅಲ್ಲಿ ನಮ್ಮ ಝೋನ್ ಇಲ್ಲ, ಮತ್ತೆ ಪ್ರಿಸನರ್ ಕಡೆಗೆ ದಾರಿ. ಡೊಮೈನ್‌ನಲ್ಲಿರುವ ಕಂಪ್ಯೂಟರ್‌ಗೆ ಹೊರಗಿನ ಡಿಎನ್‌ಎಸ್ ಕೊಡಲೇಬಾರದು. ಎರಡನೆಯದು ಬೇಕಾದರೆ ಒಳಗೇ ಇನ್ನೊಂದು ಡಿಎನ್‌ಎಸ್ ಸರ್ವರ್ ಇಡಬೇಕು. ಅದನ್ನು ತೆಗೆಸಿದೆ. ಫೈರ್‌ವಾಲ್‌ನಲ್ಲಿ 53ಕ್ಕೆ ಹೊರಗೆ ಹೋಗಲು ಸರ್ವರ್ ಒಂದಕ್ಕೆ ಮಾತ್ರ ಅನುಮತಿ ಇಟ್ಟೆ. ಉಳಿದವರಿಗೆ ಡ್ರಾಪ್ (ಸದ್ದಿಲ್ಲದೆ ಬಿಸಾಡುವುದು) ಬದಲು ರಿಜೆಕ್ಟ್ (ಆಗುವುದಿಲ್ಲ ಅಂತ ಹೇಳಿ ಕಳಿಸುವುದು). ಡ್ರಾಪ್ ಮಾಡಿದರೆ ಕಂಪ್ಯೂಟರ್ ಸುಮ್ನೆ ಕಾಯುತ್ತದೆ, ಕೂತವರಿಗೆ ‘ನೆಟ್ ಸ್ಲೋ’ ಅನ್ನಿಸುತ್ತದೆ.

ಒಂದೊಂದು ಕಂಪ್ಯೂಟರ್‌ನಲ್ಲೂ ನೆಟ್‌ವರ್ಕ್ ಕಾರ್ಡ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ಗೆ ಹೋಗಿ, ಡಿಎನ್‌ಎಸ್ ಪುಟದಲ್ಲಿ ‘ಈ ಸಂಪರ್ಕದ ವಿಳಾಸವನ್ನು ಡಿಎನ್‌ಎಸ್‌ನಲ್ಲಿ ನೋಂದಾಯಿಸು’ ಅನ್ನುವ ಟಿಕ್ ತೆಗೆಯಬಹುದಲ್ವಾ ಅಂತ ಕೇಳುವವರಿದ್ದಾರೆ. ತೆಗೆಯಬಹುದು. ಎರಡು ಮೂರು ಕಂಪ್ಯೂಟರ್ ಇರುವ ಕಡೆ ನಾನೂ ಅದನ್ನೇ ಮಾಡುತ್ತೇನೆ. ಆದರೆ ವಿಂಡೋಸ್ ಹೊಸದಾಗಿ ಹಾಕಿದರೆ ಟಿಕ್ ವಾಪಸ್ ಬರುತ್ತದೆ. ಹೊಸ ಕಂಪ್ಯೂಟರ್ ಬಂದರೂ ಅಷ್ಟೇ. ಡಿಎನ್‌ಎಸ್ ಸರ್ವರ್ ಒಳಗಿನಿಂದಲೇ ಉತ್ತರ ಕೊಡುವ ಹಾಗೆ ಮಾಡಿದರೆ ಯಾವ ಯಂತ್ರ ಬಂದರೂ ತೊಂದರೆ ಇಲ್ಲ.

ಮಡಿಕೇರಿಯಿಂದ ಸ್ವಲ್ಪ ಮುಂದಿನ ಒಂದು ಹೋಂಸ್ಟೇಯಲ್ಲಿ ಸಿಕ್ಕಿದ್ದು ಇದೇ ರೋಗದ ಇನ್ನೊಂದು ರೂಪ. ಅಲ್ಲಿನ ಅಕ್ಕ ಕರೆದದ್ದು ಬೇರೆ ಕಾರಣಕ್ಕೆ. “ನಮ್ಮ ವೆಬ್‌ಸೈಟ್ ಬೆಂಗಳೂರಲ್ಲಿ ಮಗಳಿಗೆ ಓಪನ್ ಆಗ್ತದೆ. ನನ್ನ ಮೊಬೈಲ್ ಡೇಟಾದಲ್ಲೂ ಆಗ್ತದೆ. ನಮ್ಮ ಮನೆ ವೈಫೈಯಲ್ಲಿ ಮಾತ್ರ ಇಲ್ಲ. ಎಂಥ ಆಗಿದೆ ನೋಡು.”

ಅಲ್ಲಿ ಡಿಎಚ್‌ಸಿಪಿ (ಬಂದ ಯಂತ್ರಗಳಿಗೆ ಐಪಿ ಹಂಚುವ ಕೆಲಸ) ನಡೆಸುತ್ತಿದ್ದದ್ದು ಒಂದು ಸಣ್ಣ ಲಿನಕ್ಸ್ ಡಬ್ಬ. ಅದರಲ್ಲಿ ಡೊಮೈನ್ ಹೆಸರು ಅಂತ ಹೋಂಸ್ಟೇಯ ವೆಬ್‌ಸೈಟ್ ಹೆಸರನ್ನೇ ಹಾಕಿದ್ದರು. ಡೈನಾಮಿಕ್ ಅಪ್‌ಡೇಟ್ ಆನ್ ಇತ್ತು. ಹಾಗಾಗಿ ಅತಿಥಿಯ ಫೋನ್ ವೈಫೈಗೆ ಸೇರಿದ ಕೂಡಲೇ ಆ ಡಬ್ಬ ಏನು ಮಾಡುತ್ತಿತ್ತು? ವೆಬ್‌ಸೈಟ್ ಇಟ್ಟುಕೊಂಡಿರುವ ಹೋಸ್ಟಿಂಗ್‌ನವರ ಡಿಎನ್‌ಎಸ್ ಸರ್ವರ್‌ಗೆ ‘ಇಂಥವರ ಫೋನ್ 192.168.5.61ರಲ್ಲಿದೆ, ಬರೆದುಕೋ’ ಅಂತ ಕಳಿಸುತ್ತಿತ್ತು. ಎಷ್ಟೋ ಜನರ ಫೋನ್, ಲ್ಯಾಪ್‌ಟಾಪ್‌ಗೆ ಅವರ ಹೆಸರೇ ಇರುತ್ತದೆ ಅಲ್ವಾ? ಯಾರು ಯಾವ ದಿನ ಬಂದು ಉಳಿದರು ಅನ್ನುವುದು ಯಾವುದೋ ಊರಿನ ಸರ್ವರ್‌ನ ಲಾಗ್‌ನಲ್ಲಿ ಸೇರುತ್ತಿತ್ತು. ರಜೆಗೆ ಅಂತ ನಂಬಿ ಬಂದವರಿಗೆ ಹೀಗಾಗಬಾರದು.

ಇದು ನಡೆದದ್ದು ಮಳೆಗಾಲದಲ್ಲಿ. ಕಕ್ಕಡ ತಿಂಗಳ ಗಾಳಿಮಳೆಗೆ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಕರೆಂಟ್ ಬಂದ ಕೂಡಲೇ ವೈಫೈ ಎದ್ದು, ಇದ್ದ ಫೋನ್‌ಗಳೆಲ್ಲ ಒಟ್ಟಿಗೆ ಐಪಿ ಕೇಳುತ್ತವೆ. ಅಷ್ಟೂ ಫೋನ್‌ಗಳಿಗೆ ಅಪ್‌ಡೇಟ್ ಒಂದರ ಹಿಂದೆ ಒಂದು ಹೊರಡುತ್ತಿದ್ದವು. ಹೋಸ್ಟಿಂಗ್‌ನವರ ಸರ್ವರ್ ಪ್ರತಿಯೊಂದನ್ನೂ ತಿರಸ್ಕರಿಸಿ, ಕೊನೆಗೆ ಹೋಂಸ್ಟೇಯ ಐಪಿಯನ್ನೇ ಬ್ಲಾಕ್ ಮಾಡಿತ್ತು. ಅವರ ಕಡೆಯಿಂದ ನೋಡಿದರೆ ಅದು ಸರಿಯೇ. ಬೇರೆಯವರ ಝೋನ್ ತಿದ್ದಲು ಯಾರೋ ಪದೇ ಪದೇ ಪ್ರಯತ್ನಿಸುತ್ತಿದ್ದಾರೆ ಅಂತಲೇ ಅವರಿಗೆ ಕಾಣುವುದು.

ಅಪ್‌ಡೇಟ್ ಆಫ್ ಮಾಡಿದೆ. ಒಳಗಿನ ಡೊಮೈನ್ ಹೆಸರನ್ನು ‘ಹೋಮ್ ಡಾಟ್ ಆರ್ಪಾ’ ಅಂತ ಬದಲಿಸಿದೆ. ಮನೆಗಳ ನೆಟ್‌ವರ್ಕ್‌ಗೆ ಅಂತಲೇ 2018ರಲ್ಲಿ ಕೊಟ್ಟ ಹೆಸರು ಅದು. ಕಚೇರಿಗಳಿಗೆ ‘ಇಂಟರ್ನಲ್’ ಅನ್ನುವುದನ್ನು 2024ರಲ್ಲಿ ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್ ಖಾಸಗಿ ಬಳಕೆಗೆ ಕಾಯ್ದಿರಿಸಿದೆ. ‘ಲೋಕಲ್’ ಹೊಸದಾಗಿ ಇಡಬೇಡಿ, ಅದು 2013ರಿಂದ ಎಂಡಿಎನ್‌ಎಸ್‌ಗೆ (ಡಿಎನ್‌ಎಸ್ ಸರ್ವರ್ ಇಲ್ಲದೆ ಯಂತ್ರಗಳೇ ಒಂದಕ್ಕೊಂದು ಹೆಸರು ಕೇಳಿಕೊಳ್ಳುವ ಕ್ರಮ) ಮೀಸಲು. ನಿಮ್ಮ ಮನಸ್ಸಿಗೆ ಬಂದ ಹೆಸರನ್ನಂತೂ ಇಡಲೇಬೇಡಿ. ಇವತ್ತು ಯಾರದ್ದೂ ಅಲ್ಲದ ಹೆಸರು ನಾಳೆ ಇನ್ನೊಬ್ಬರು ದುಡ್ಡು ಕೊಟ್ಟು ತೆಗೆದುಕೊಂಡರೆ ನಿಮ್ಮ ಅಪ್‌ಡೇಟ್ ಎಲ್ಲ ಅವರ ಬಾಗಿಲಿಗೆ ಹೋಗುತ್ತದೆ. ಹೋಸ್ಟಿಂಗ್‌ನವರಿಗೆ ನಡೆದದ್ದನ್ನು ವಿವರಿಸಿ ಬರೆದೆವು. ಬ್ಲಾಕ್ ತೆಗೆದರು. ಅಕ್ಕನ ವೈಫೈಯಲ್ಲಿ ವೆಬ್‌ಸೈಟ್ ತೆರೆಯಿತು.

ಸಿದ್ದಾಪುರದ ಕಡೆಯ ಎಸ್ಟೇಟ್ ಆಫೀಸಿನ ಕೆಲಸ ಸುಲಭ. ರೈಟರ್ ಕೂರುವ ಕೋಣೆಯಲ್ಲಿ ಒಂದು ಸಣ್ಣ ಯಂತ್ರ ಇಟ್ಟು ಅನ್‌ಬೌಂಡ್ ಅನ್ನುವ ಡಿಎನ್‌ಎಸ್ ತಂತ್ರಾಂಶ ಹಾಕಿದೆ. ಖಾಸಗಿ ವಿಳಾಸಗಳ ರಿವರ್ಸ್ ಝೋನ್‌ಗಳಿಗೆ ಅದು ಹಾಕಿದ ದಿನದಿಂದಲೇ ತಾನೇ ಉತ್ತರ ಕೊಡುತ್ತದೆ, ಹೊರಗೆ ಕಳಿಸುವುದಿಲ್ಲ. ರಿಸಾಲ್ವರ್‌ಗಳು (ನಮ್ಮ ಪರವಾಗಿ ಡಿಎನ್‌ಎಸ್ ಉತ್ತರ ಹುಡುಕಿ ಕೊಡುವ ಸರ್ವರ್‌ಗಳು) ಹೀಗೇ ಇರಬೇಕು ಅಂತ 2011ರ ಆರ್‌ಎಫ್‌ಸಿ 6303 ಹೇಳಿದೆ. ಬೈಂಡ್ ಅನ್ನುವ ಇನ್ನೊಂದು ಡಿಎನ್‌ಎಸ್ ತಂತ್ರಾಂಶದ ಈಗಿನ ಆವೃತ್ತಿಗಳೂ ಇದನ್ನು ಪಾಲಿಸುತ್ತವೆ. ಡಿಎಚ್‌ಸಿಪಿಯಲ್ಲಿ ಡಿಎನ್‌ಎಸ್ ವಿಳಾಸವಾಗಿ ಆ ಯಂತ್ರದ್ದನ್ನು ಕೊಟ್ಟರೆ ಮುಗಿಯಿತು.

ನಾಪೋಕ್ಲು ಕಡೆಯ ಒಂದು ಕಚೇರಿ ಬಾಕಿ ಇದೆ. ಅಲ್ಲಿ ಸರ್ವರ್ ಇಲ್ಲ. ರೂಟರ್ ಹಳೆಯದು, ಕೇಳಿದ್ದನ್ನೆಲ್ಲ ಹೊರಗೆ ದಾಟಿಸುತ್ತದೆ. ಮಿರರಿಂಗ್ ಇರುವ ಸ್ವಿಚ್ ಕೂಡ ಇಲ್ಲ. ನನ್ನದನ್ನೇ ತೆಗೆದುಕೊಂಡು ಹೋಗಿ ಆಪ್‌ಕೋಡ್ 5ರ ಫಿಲ್ಟರ್ ಹಾಕಿ ನೋಡಬೇಕು. ಸಿದ್ದಾಪುರದಲ್ಲಿ ಇಟ್ಟಂಥ ಇನ್ನೊಂದು ಯಂತ್ರ ಸಿದ್ಧ ಮಾಡಿಟ್ಟುಕೊಂಡಿದ್ದೇನೆ.